ಬೂಷ್ಟು ತಿಂದ ಬಣ್ಣ, ಉಳಿದ ನೀರು

ಪದವಿ ಕಾಲೇಜುಗಳ ವಿಚಾರ ಸಂಕಿರಣಗಳಲ್ಲಿ, ವಿಜ್ಞಾನ ಮೇಳಗಳಲ್ಲಿ, ಪತ್ರಿಕೆಗಳ ಪುರವಣಿಗಳಲ್ಲಿ ಒಂದು ಮಾತು ಯಾರ ತಕರಾರೂ ಇಲ್ಲದೆ ಓಡಾಡುತ್ತಿದೆ. ಬಟ್ಟೆಗೆ ಹಾಕುವ ಕೃತಕ ಬಣ್ಣ ಸುಲಭಕ್ಕೆ ಕೊಳೆಯುವುದಿಲ್ಲ. ಆದರೆ ಒಣಮರದ ಮೇಲೆ ಬೆಳೆಯುವ ಬಿಳಿಕೊಳೆ ಶಿಲೀಂಧ್ರ ತನ್ನ ಕಿಣ್ವಗಳಿಂದ ಅದನ್ನು ಒಡೆಯುತ್ತದೆ. ಆದ್ದರಿಂದ ಬಣ್ಣದ ನೀರಿನ ಸಮಸ್ಯೆಗೆ ಅಗ್ಗದ, ಹಸಿರು ಪರಿಹಾರ ಕೈಯಲ್ಲೇ ಇದೆ. ಮೊದಲ ಎರಡು ಮಾತು ಸರಿ. ಮೂರನೆಯದು ಅವುಗಳಿಂದ ಹುಟ್ಟುವುದೇ ಇಲ್ಲ. ಬಣ್ಣ ಹೋಗುವುದು ಒಂದು, ನೀರು ಶುದ್ಧವಾಗುವುದು ಇನ್ನೊಂದು. ಎರಡನ್ನೂ ಒಂದೇ ಎಂದು ನಂಬಿಸುವ ಈ ವಾಡಿಕೆ ಯಾದಗಿರಿಯಂಥ ಜಿಲ್ಲೆಗೆ ಬರೀ ಪಠ್ಯದ ತಪ್ಪಾಗಿ ಉಳಿಯುವುದಿಲ್ಲ, ಕುಡಿಯುವ ನೀರಿನ ತನಕ ಬರುತ್ತದೆ ಎಂಬುದು ನನ್ನ ವಾದ.

ಮೇಳದ ಮೇಜಿನ ಮೇಲೆ ಇಡುವ ಎರಡು ಗಾಜಿನ ಕುಪ್ಪಿಗಳನ್ನೇ ಹತ್ತಿರದಿಂದ ನೋಡೋಣ. ಒಂದರಲ್ಲಿ ಕೆಂಪು ನೀರು. ಇನ್ನೊಂದರಲ್ಲಿ ತಿಳಿನೀರು, ಅದರ ತಳದಲ್ಲಿ ಸಾಬುದಾಣಿ ಗಾತ್ರದ ಬೂಷ್ಟಿನ ಉಂಡೆಗಳು. ನೋಡುವವರ ಕಣ್ಣು ನೀರಿನ ಮೇಲೆ ಇರುತ್ತದೆ. ನೋಡಬೇಕಾದದ್ದು ಉಂಡೆಯನ್ನು. ಒಂದನ್ನು ಚಿಮಟದಿಂದ ಎತ್ತಿ ಬಿಳಿ ಕಾಗದದ ಮೇಲೆ ಇಟ್ಟರೆ ಎಷ್ಟೋ ಸಲ ಅದು ಬೆಳ್ಳಗಿರುವುದಿಲ್ಲ, ಕೆಂಪಗಿರುತ್ತದೆ. ಕಿಣ್ವ ಏನನ್ನೂ ಒಡೆದಿಲ್ಲ. ಶಿಲೀಂಧ್ರದ ಎಳೆಗಳು ಬಣ್ಣವನ್ನು ಮೈಗೆ ಅಂಟಿಸಿಕೊಂಡಿವೆ, ಅಷ್ಟೆ. ಮೆಥನಾಲಿನಲ್ಲಿ ಅದ್ದಿದರೆ ಬಣ್ಣ ಮತ್ತೆ ಬಿಟ್ಟುಕೊಳ್ಳಬಹುದು. ಒತ್ತಡದ ಹಬೆಯಲ್ಲಿ ಬೇಯಿಸಿ ಸಾಯಿಸಿದ ಶಿಲೀಂಧ್ರವನ್ನು ಹಾಕಿದರೂ ನೀರು ಸಾಕಷ್ಟು ತಿಳಿಯಾಗುವುದುಂಟು. ಹಾಗಾಗಿ ಸತ್ತ ಬೂಷ್ಟಿನ ಜೊತೆ ಹೋಲಿಸದೆ ಹೇಳಿದ ಯಾವ ಫಲಿತಾಂಶವನ್ನೂ ನಾನು ಒಪ್ಪಲಾರೆ.

ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಬಹಳ ಪ್ರಿಯವಾದ ಕಾಂಗೋ ರೆಡ್‌ನ ಕತೆ ಇನ್ನೂ ಸೂಕ್ಷ್ಮ. 1880ರ ದಶಕದಲ್ಲಿ ಹುಟ್ಟಿದ ಈ ಬಣ್ಣ ಆಮ್ಲ ತಾಗಿದರೆ ಕೆಂಪು ಬಿಟ್ಟು ನೀಲಿಗೆ ತಿರುಗುತ್ತದೆ. ಶಿಲೀಂಧ್ರ ಬೆಳೆಯುತ್ತ ಸಾವಯವ ಆಮ್ಲಗಳನ್ನು ಹೊರಬಿಡುತ್ತದೆ, ಮಾಧ್ಯಮ ಹುಳಿಯಾಗುತ್ತದೆ. ಆಗ ಕೆಂಪು ಬಣ್ಣವನ್ನು ಅಳೆಯಲು ಹೊಂದಿಸಿದ ಉಪಕರಣ "ಬಣ್ಣ ಇಷ್ಟು ಶೇಕಡಾ ಇಳಿಯಿತು" ಎಂದು ಅಂಕಿ ಕೊಡುತ್ತದೆ. ಎರಡು ಹನಿ ಕ್ಷಾರ ಹಾಕಿ, ಇಳಿಯಿತು ಎಂದ ಕೆಂಪಿನಲ್ಲಿ ಒಂದಷ್ಟು ತಿರುಗಿ ಬರುತ್ತದೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳಿದ್ದು ಇಂಥ ಕಡೆಗೇ.

ಇಷ್ಟು ಹೇಳಿದ ಮೇಲೆ ಶಿಲೀಂಧ್ರಕ್ಕೆ ಅದರ ಪಾಲಿನ ಗೌರವ ಸಲ್ಲಿಸಲೇಬೇಕು. ಅದು ಮಾಡುವ ಕೆಲಸ ಸಣ್ಣದಲ್ಲ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತು ಹೇಗೆಂದರೆ ಹಾಗೆ ಹೆಣೆದುಕೊಂಡ ಒಂದು ದೊಡ್ಡ ಅಣು. ಅದಕ್ಕೆ ಒಂದೇ ಬೀಗ, ಒಂದೇ ಕೀಲಿ ಇಲ್ಲ. ಆದ್ದರಿಂದ ಬಿಳಿಕೊಳೆ ಶಿಲೀಂಧ್ರಗಳು ಕೀಲಿ ಹುಡುಕುವ ಗೊಡವೆಗೆ ಹೋಗದೆ ಸಿಕ್ಕಿದ್ದರಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುವ ಒರಟು ಕಿಣ್ವಗಳನ್ನು ದೇಹದಿಂದ ಹೊರಕ್ಕೆ ಬಿಡುತ್ತವೆ. ಲಿಗ್ನಿನ್ ಪೆರಾಕ್ಸಿಡೇಸ್ ಎಂಬ ಕಿಣ್ವ ಫ್ಯಾನರೋಕೀಟಿ ಕ್ರೈಸೊಸ್ಪೋರಿಯಂ ಎಂಬ ಶಿಲೀಂಧ್ರದಲ್ಲಿ ಪತ್ತೆಯಾದದ್ದು 1983ರಲ್ಲಿ. ಅದೇ ವರ್ಷ ಅಮೆರಿಕದ ಓರೆಗಾನ್‌ನಲ್ಲಿ ಗ್ಲೆನ್ ಮತ್ತು ಗೋಲ್ಡ್ ಎಂಬ ಇಬ್ಬರು ಈ ಶಿಲೀಂಧ್ರಕ್ಕೆ ಕೃತಕ ಬಣ್ಣಗಳನ್ನು ಉಣಿಸಿ ಅವು ಮಾಯವಾಗುವುದನ್ನು ತೋರಿಸಿದರು. ಅವರ ಮನಸ್ಸಿನಲ್ಲಿದ್ದದ್ದು ಕಾರ್ಖಾನೆಯ ಕೊಳಚೆಯಲ್ಲ. ಲಿಗ್ನಿನ್ ಒಡೆಯುವ ಶಕ್ತಿಯನ್ನು ಅಳೆಯುವುದು ತಾಪತ್ರಯದ ಕೆಲಸ. ಬಣ್ಣ ಇಳಿಯುವುದನ್ನು ಅಳೆಯುವುದು ಸುಲಭ. ಬಣ್ಣವನ್ನು ಅವರು ಅಳತೆಗೋಲಾಗಿ ತಂದರು. ಆ ಅಳತೆಗೋಲೇ ಆಮೇಲೆ ಗುರಿಯಾಗಿ, ಇಂದು ಮದ್ದೂ ಆಗಿದೆ.

ಲ್ಯಾಕೇಸ್ ಈ ಗುಂಪಿನ ಇನ್ನೊಂದು ಕಿಣ್ವ. 1883ರಲ್ಲಿ ಜಪಾನಿನ ಯೋಶಿದಾ ಅದನ್ನು ಮೊದಲು ಕಂಡದ್ದು ಅರಗಿನಂಥ ಮೆರುಗೆಣ್ಣೆ ಕೊಡುವ ಮರದ ಹಾಲಿನಲ್ಲಿ. ಶಿಲೀಂಧ್ರಗಳಲ್ಲಿ ಅದು ಹೇರಳ. ಅದರ ನಡುವೆ ನಾಲ್ಕು ತಾಮ್ರದ ಪರಮಾಣುಗಳಿವೆ. ಒಂದು ತಾಮ್ರ ಬಣ್ಣದ ಅಣುವಿನಿಂದ ಒಂದೊಂದೇ ಎಲೆಕ್ಟ್ರಾನ್ ಎಳೆದುಕೊಂಡು ಉಳಿದ ಮೂರಕ್ಕೆ ದಾಟಿಸುತ್ತದೆ. ನಾಲ್ಕು ಎಲೆಕ್ಟ್ರಾನ್ ಕೂಡಿದಾಗ ಗಾಳಿಯ ಆಮ್ಲಜನಕ ನೀರಾಗಿ ಹೋಗುತ್ತದೆ. ಪೆರಾಕ್ಸಿಡೇಸ್‌ಗೆ ಹೈಡ್ರೋಜನ್ ಪೆರಾಕ್ಸೈಡ್ ಒದಗಿಸಬೇಕು, ಲ್ಯಾಕೇಸ್‌ಗೆ ಗಾಳಿ ಸಾಕು. ಇದರ ದೊಡ್ಡ ಗುಣವನ್ನು ಓರೆಗಾನ್‌ನ ಚಿವುಕುಲ ಮತ್ತು ರೆಂಗನಾಥನ್ 1995ರಲ್ಲಿ ಬಿಡಿಸಿ ತೋರಿಸಿದರು. ಅವರು ಆರಿಸಿಕೊಂಡ ಶಿಲೀಂಧ್ರ ಯಾವುದು ಗೊತ್ತೆ? ಪೈರಿಕ್ಯುಲೇರಿಯಾ ಒರೈಝೀ. ನಾರಾಯಣಪುರ ಎಡದಂಡೆ ಕಾಲುವೆಯ ಕೆಳಗೆ ಭತ್ತ ಹಚ್ಚುವ ಸುರಪುರ, ಶಹಾಪುರದ ರೈತರಿಗೆ ಹೆಸರು ಗೊತ್ತಿರಲಿಕ್ಕಿಲ್ಲ, ಅದರ ಕೆಲಸ ಗೊತ್ತು. ಗರಿಯ ಮೇಲೆ ಕಣ್ಣಿನಾಕಾರದ ಮಚ್ಚೆ ಎಬ್ಬಿಸಿ, ತೆನೆಯ ಕುತ್ತಿಗೆ ಮುರಿಯುವ ಬೆಂಕಿ ರೋಗದ ಶಿಲೀಂಧ್ರ ಅದು. ಅದರ ಲ್ಯಾಕೇಸ್ ಅಜೋ ಬಣ್ಣದ ಎರಡು ಸಾರಜನಕಗಳ ಬೆಸುಗೆಯನ್ನು ಒಂದು ಕಡೆಯಿಂದ ಬಿಚ್ಚುತ್ತದೆ. ಸಾರಜನಕ ಅನಿಲವಾಗಿ ಹಾರಿಹೋಗುತ್ತದೆ. ವಿಷಕಾರಿ ಅಮೀನುಗಳು ಉಳಿಯುವ ಸಂಭವ ಕಡಿಮೆ. ಶಿಲೀಂಧ್ರದ ಪರವಾಗಿ ಹೇಳಬಹುದಾದ ಅತಿ ಗಟ್ಟಿ ಮಾತು ಇದೇ. ನಮ್ಮ ಸಂಕಿರಣಗಳಲ್ಲಿ ಅತಿ ಕಡಿಮೆ ಕೇಳಿಸುವ ಮಾತೂ ಇದೇ, ಯಾಕೆಂದರೆ ಇದನ್ನು ಕುಪ್ಪಿಯಲ್ಲಿ ತೋರಿಸಲಾಗುವುದಿಲ್ಲ.

ಅಮೀನಿನ ಮಾತು ಯಾಕೆ ಮುಖ್ಯ ಎನ್ನುವುದಕ್ಕೆ ತೊಗರಿ ನಾಡಿನವರಿಗೆ ಮೆಟಾನಿಲ್ ಯೆಲ್ಲೋ ಸಾಕು. ತೊಗರಿಬೇಳೆಗೆ, ಅರಿಸಿನಕ್ಕೆ ಹೊಳಪು ಕೊಡಲು ಕಲಬೆರಕೆಯವರು ಬೆರೆಸುವ, ಆಹಾರದಲ್ಲಿ ಇರಲೇಬಾರದ ಹಳದಿ ಅದು. ಬೇಳೆ ನೆನೆಸಿದ ನೀರಿಗೆ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿದ್ದರೆ ಗುಲಾಬಿಗೆಂಪಾಗಿ ಸಿಕ್ಕಿಬೀಳುತ್ತದೆ. ಇದೇ ಬಣ್ಣದ ಮೇಲೆ ಕಲಬುರಗಿಯ ಗುಲ್ಬರ್ಗಾ ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗದವರು 2011ರಲ್ಲಿ ಒಂದು ಒಳ್ಳೆಯ ಕೆಲಸ ಪ್ರಕಟಿಸಿದರು. ಅವರದು ಶಿಲೀಂಧ್ರವಲ್ಲ, ಮಣ್ಣಿನಿಂದ ಬೇರ್ಪಡಿಸಿದ ಎರಡು ಬ್ಯಾಕ್ಟೀರಿಯಾ. ಬಣ್ಣ ಇಳಿಯಿತು ಎಂದು ಅವರು ಅಲ್ಲಿಗೇ ನಿಲ್ಲಲಿಲ್ಲ. ಇಳಿದ ಮೇಲೆ ಉಳಿದದ್ದು ಏನೆಂದು ಹುಡುಕಿದರು. ಸಿಕ್ಕದ್ದು ಮೆಟಾನಿಲಿಕ್ ಆಮ್ಲ ಮತ್ತು ಪ್ಯಾರಾ ಅಮಿನೊ ಡೈಫಿನೈಲ್ ಅಮೀನ್. ಹಳದಿ ಹೋಗಿತ್ತು, ಅದರ ಎರಡು ತುಂಡುಗಳು ನೀರಿನಲ್ಲೇ ಇದ್ದವು. ಬಣ್ಣ ಇಳಿಸುವ ಬ್ಯಾಕ್ಟೀರಿಯಾಗಳ ಹಾದಿ ಸಾಮಾನ್ಯವಾಗಿ ಇದೇ, ಆಮ್ಲಜನಕ ಕಡಿಮೆ ಇರುವಲ್ಲಿ ಬೆಸುಗೆಯನ್ನು ನಡುವೆ ಕತ್ತರಿಸಿ ಎರಡು ಅಮೀನು ಉಳಿಸುವುದು. ಉಳಿದದ್ದರ ಹೆಸರು ಹೇಳಿದ ಆ ಸಂಶೋಧನೆ, ಶೇಕಡಾ ತೊಂಬತ್ತೈದು ಬಣ್ಣ ಹೋಯಿತು ಎಂದು ಕೈ ತೊಳೆದುಕೊಳ್ಳುವ ನೂರು ಪ್ರಬಂಧಗಳಿಗಿಂತ ಮೇಲು.

ಶಿಲೀಂಧ್ರವಾದರೆ ಇಂಥ ಭಯವಿಲ್ಲ ಎನ್ನುವವರಿಗೆ ಮ್ಯಾಲಕೈಟ್ ಗ್ರೀನ್ ಉತ್ತರ. ಸಂತೆಯ ಹಸಿಮೆಣಸಿನಕಾಯಿಗೆ, ಬಟಾಣಿಗೆ ಕದ್ದು ಹಚ್ಚುವ, ಮೀನು ಸಾಕುವವರು ಬೂಷ್ಟುರೋಗಕ್ಕೆ ಬಳಸುತ್ತಿದ್ದ ಹಸಿರು ಅದು. ಕನಿಂಗ್‌ಹ್ಯಾಮೆಲ್ಲಾ ಎಲಿಗನ್ಸ್ ಎಂಬ ಶಿಲೀಂಧ್ರ ಅದನ್ನು ಬಣ್ಣವಿಲ್ಲದ್ದಾಗಿ ಮಾಡುತ್ತದೆ ಎಂದು 2001ರಲ್ಲಿ ಅಮೆರಿಕದ ಸಂಶೋಧಕರು ವರದಿ ಮಾಡಿದರು. ಆ ಬಣ್ಣವಿಲ್ಲದ ವಸ್ತುವಿನ ಹೆಸರು ಲ್ಯೂಕೊಮ್ಯಾಲಕೈಟ್ ಗ್ರೀನ್. ಮೀನಿನ ಕೊಬ್ಬಿನಲ್ಲಿ ಹಸಿರಿಗಿಂತ ಹೆಚ್ಚು ದಿನ ಉಳಿಯುವುದು ಈ ಬಣ್ಣಗೇಡಿಯೇ; ಹಾಗಾಗಿಯೇ ಆಹಾರ ಪರೀಕ್ಷೆ ಮಾಡುವವರು ಇದನ್ನು ಪ್ರತ್ಯೇಕವಾಗಿ ಹುಡುಕುತ್ತಾರೆ. ಕಣ್ಣಿನ ಲೆಕ್ಕದಲ್ಲಿ ಈ ಶಿಲೀಂಧ್ರ ನೂರಕ್ಕೆ ನೂರು ಪಾಸು. ವಿಷ ಮಾತ್ರ ಇದ್ದಲ್ಲೇ ಇದೆ, ಗುರುತು ಹಿಡಿಯುವುದು ಕಷ್ಟವಾಯಿತು ಅಷ್ಟೆ.

ಅಣುವಿನ ಇಂಗಾಲ ಪೂರ್ತಿ ಇಂಗಾಲದ ಡೈಆಕ್ಸೈಡ್ ಆಗಿ ಹೋಗಬೇಕು. ಒಡೆಯಿತು ಎನ್ನುವ ಮಾತಿಗೆ ನಿಜವಾದ ಸಾಕ್ಷಿ ಅದು. ಗೋಲ್ಡ್ ಇದ್ದ ಓರೆಗಾನ್ ತಂಡವೇ 1992ರಲ್ಲಿ ವಿಕಿರಣಶೀಲ ಇಂಗಾಲದಿಂದ ಗುರುತು ಹಾಕಿದ ಅಜೋ ಬಣ್ಣಗಳನ್ನು ಫ್ಯಾನರೋಕೀಟಿಗೆ ಕೊಟ್ಟು ನೋಡಿತು. ಪ್ರಯೋಗಾಲಯದ ಮುದ್ದಿನ ಆರೈಕೆಯಲ್ಲಿ, 12 ದಿನಗಳಲ್ಲಿ, ಗುರುತಿನ ಇಂಗಾಲದಲ್ಲಿ ಅರ್ಧಕ್ಕಿಂತ ಕಡಿಮೆ ಭಾಗ ಗಾಳಿಗೆ ಹೋಯಿತು. ಆ ಕಾಲಕ್ಕೆ ಅದು ಮೆಚ್ಚಬೇಕಾದ ಸಾಧನೆ. ಆದರೆ ಕೊಳಚೆ ಸಂಸ್ಕರಣೆಗೆ ಆಗಲೇ ಸಿದ್ಧವಾದ ತಂತ್ರ ಎಂದು ಅದನ್ನು ಓದಲಾಗದು.

ಇನ್ನು ಕಾರ್ಖಾನೆಯ ನೀರಿಗೆ ಬನ್ನಿ. ಹತ್ತಿಗೆ ಹಾಕುವ ರಿಯಾಕ್ಟಿವ್ ಬಣ್ಣಗಳಲ್ಲಿ, ಜಾತಿಗೆ ತಕ್ಕಂತೆ, ನೂರಕ್ಕೆ 10ರಿಂದ 40 ಭಾಗ ನೂಲಿಗೆ ಹಿಡಿಯದೆ ನೀರಿಗೆ ಹೋಗುತ್ತದೆ. ಆ ಬಣ್ಣ ಹಿಡಿಯಲೆಂದು ಲೀಟರಿಗೆ 40, 60 ಗ್ರಾಂ ಉಪ್ಪು ಸುರಿದಿರುತ್ತಾರೆ, ಸೋಡಾ ಹಾಕಿ ಪಿಎಚ್ 11ರ ಹತ್ತಿರ ಒಯ್ದಿರುತ್ತಾರೆ. ಲ್ಯಾಕೇಸ್‌ಗೆ ಹಿತವಾದದ್ದು ಹುಳಿ, ಪಿಎಚ್ ನಾಲ್ಕು ಐದರ ಆಸುಪಾಸು. ಉಪ್ಪಿನ ಕ್ಲೋರೈಡು ಅದರ ತಾಮ್ರಕ್ಕೆ ಅಡ್ಡಗಾಲು ಹಾಕುತ್ತದೆ. ಲಿಗ್ನಿನ್ ಪೆರಾಕ್ಸಿಡೇಸ್ ಹುಟ್ಟಬೇಕಾದರೆ ಫ್ಯಾನರೋಕೀಟಿ ಸಾರಜನಕಕ್ಕೆ ಹಸಿದಿರಬೇಕು. ಬಣ್ಣದ ನೀರಿನಲ್ಲಿ ಯೂರಿಯಾ ಇರುವುದುಂಟು. ಹೊಟ್ಟೆ ತುಂಬಿದ ಶಿಲೀಂಧ್ರ ಬೆಳೆಯುತ್ತದೆ, ಕೆಲಸ ಮಾಡುವುದಿಲ್ಲ. ಮೇಲಾಗಿ ಬಾಗಿಲು ತೆರೆದ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ ಗಂಟೆಗಳಲ್ಲಿ ಹೆಚ್ಚುತ್ತವೆ, ಶಿಲೀಂಧ್ರಕ್ಕೆ ದಿನಗಳು ಬೇಕು. ಯಾದಗಿರಿಯ ಬೇಸಿಗೆಯೊಂದು ಅದಕ್ಕೆ ತೊಂದರೆಯಲ್ಲ, 40 ಡಿಗ್ರಿ ಅದಕ್ಕೆ ಹಿತವೇ. ಮಿಕ್ಕದ್ದೆಲ್ಲ ತೊಂದರೆ. ಇಷ್ಟಾಗಿಯೂ ಬಣ್ಣ ಇಳಿಯಿತು ಎನ್ನೋಣ, ಉಪ್ಪು ಎಲ್ಲಿ ಹೋಯಿತು? ಯಾವ ಕಿಣ್ವವೂ ಉಪ್ಪನ್ನು ತಿನ್ನುವುದಿಲ್ಲ. ಹೊಲ ಕೆಡಿಸುವುದರಲ್ಲಿ ಬಣ್ಣಕ್ಕಿಂತ ಉಪ್ಪಿನ ಕೈ ದೊಡ್ಡದು ಎಂದು ಕಾಲುವೆ ಕೊನೆಯ ಸವಳು ಭೂಮಿಯ ಒಡೆಯರಿಗೆ ನಾನು ಹೇಳಬೇಕಾಗಿಲ್ಲ.

ತಮಿಳುನಾಡಿನ ತಿರುಪ್ಪೂರಿನ ಪಾಠವೂ ಇದೇ. ನೊಯ್ಯಲ್ ನದಿ ಕೆಟ್ಟು, 2011ರ ಜನವರಿಯಲ್ಲಿ ಮದರಾಸು ಹೈಕೋರ್ಟು ಅಲ್ಲಿನ ಬಣ್ಣದ ಘಟಕಗಳನ್ನೆಲ್ಲ ಮುಚ್ಚಿಸಿತು. ಮತ್ತೆ ತೆರೆದದ್ದು ಹನಿ ನೀರನ್ನೂ ಹೊರಬಿಡಬಾರದೆಂಬ ಷರತ್ತಿನ ಮೇಲೆ, ಒತ್ತಡದ ಪೊರೆಗಳು ಮತ್ತು ಕುದಿಸಿ ಇಂಗಿಸುವ ಯಂತ್ರಗಳ ಬಲದ ಮೇಲೆ. ಅಲ್ಲಿ ಮುಖ್ಯ ಪಾತ್ರ ಶಿಲೀಂಧ್ರದ್ದಾಗಿರಲಿಲ್ಲ. ಹಾಗಾದರೆ ಲ್ಯಾಕೇಸ್ ಬಟ್ಟೆ ಉದ್ಯಮಕ್ಕೆ ಬಂದೇ ಇಲ್ಲವೆ? ಬಂದಿದೆ. 1996ರಲ್ಲಿ ಡೆನ್ಮಾರ್ಕಿನ ನೊವೊ ಕಂಪನಿ ಡೆನಿಲೈಟ್ ಎಂಬ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ಬಿಟ್ಟಿತು, ಜೀನ್ಸ್ ಪ್ಯಾಂಟಿನ ನೀಲಿಯನ್ನು ಮಸುಕು ಮಾಡಲು. ಕೊಳಚೆ ತೊಳೆಯಲು ಎಂದು ನಾವು ಭಾಷಣ ಮಾಡುವ ಕಿಣ್ವ ಬಟ್ಟೆಯ ಲೋಕದಲ್ಲಿ ಹೆಸರು ಮಾಡಿದ್ದು ಹೊಸ ಪ್ಯಾಂಟನ್ನು ಹಳೆಯದಾಗಿ ಕಾಣಿಸುವುದಕ್ಕೆ. ನಮಗೆ ದೂರವಲ್ಲದ ಬಳ್ಳಾರಿ ಜೀನ್ಸ್ ಹೊಲಿದು ತೊಳೆಯುವ ಊರು. ಅಲ್ಲಿನ ವಾಷಿಂಗ್ ಘಟಕಗಳ ನೀರಿನ ತಕರಾರು ಮಾಲಿನ್ಯ ನಿಯಂತ್ರಣ ಮಂಡಳಿಯ ಮೆಟ್ಟಿಲೇರಿದೆ. ಶಿಲೀಂಧ್ರವನ್ನು ನಿಜವಾಗಿ ಪರೀಕ್ಷೆಗೆ ಒಡ್ಡುವ ಜಾಗ ಬೇಕಿದ್ದರೆ ಅದು ಅಲ್ಲಿದೆ.

ಯಾದಗಿರಿಯಲ್ಲಿ ಬಣ್ಣದ ಕಾರ್ಖಾನೆ ಎಲ್ಲಿದೆ, ಇಷ್ಟೆಲ್ಲ ಇಲ್ಲಿಗೆ ಯಾಕೆ ಎಂದು ಕೇಳಬಹುದು. ಇಲ್ಲಿಗೇ ಬೇಕು. ಜಿಲ್ಲೆಯಾಗಿ 2009ರ ಕೊನೆಯಲ್ಲಿ ಹುಟ್ಟಿದ ಯಾದಗಿರಿಗೆ ಉದ್ಯಮದ ಹೆಸರಿನಲ್ಲಿ ಬಂದದ್ದು ಸೈದಾಪುರದ ಬಳಿಯ ಕಡೇಚೂರು ಬಾಡಿಯಾಳ ಕೈಗಾರಿಕಾ ಪ್ರದೇಶ. ಮೂರು ಸಾವಿರಕ್ಕೂ ಹೆಚ್ಚು ಎಕರೆ ರೈತರ ಭೂಮಿ ಹೋಯಿತು. ಅಲ್ಲಿ ನೆಲೆಯೂರಿದವುಗಳಲ್ಲಿ ರಾಸಾಯನಿಕ ಮತ್ತು ಔಷಧ ಘಟಕಗಳು ಬಹಳ. ಸುತ್ತಲಿನ ಹಳ್ಳಿಗಳ ಜನ ವರ್ಷಗಳಿಂದ ಹೇಳುತ್ತ ಬಂದಿರುವುದು ಕೆಂಪು ನೀರಿನ ಮಾತಲ್ಲ, ರಾತ್ರಿಯ ನಾತದ ಮಾತು. ಔಷಧ ತಯಾರಿಕೆಯಲ್ಲಿ ಬಳಸುವ ದ್ರಾವಕಗಳಲ್ಲಿ ಬಹುಪಾಲಿಗೆ ಬಣ್ಣವಿಲ್ಲ. ಟೊಲುವಿನ್ ನೀರಿನಷ್ಟೇ ತಿಳಿ, ಮೆಥನಾಲೂ ಹಾಗೆಯೇ. ಬಣ್ಣವನ್ನಾದರೆ ಲೀಟರಿಗೆ ಒಂದು ಮಿಲಿಗ್ರಾಂ ಇದ್ದರೂ ಕಣ್ಣು ಹಿಡಿಯುತ್ತದೆ, ದ್ರಾವಕ ಅದರ ನೂರು ಪಟ್ಟು ಇದ್ದರೂ ಹಿಡಿಯುವುದಿಲ್ಲ. ಬಣ್ಣ ಹೋದರೆ ಶುದ್ಧ ಎಂದು ಒಂದು ತಲೆಮಾರಿನ ವಿದ್ಯಾರ್ಥಿಗಳಿಗೆ ಕಲಿಸಿ, ಆಮೇಲೆ ಅವರನ್ನೇ ಕಡೇಚೂರು ಸುತ್ತಲಿನ ಹಳ್ಳದ ದಂಡೆಗೆ ಕಳಿಸಿದರೆ ಅವರು ನೀರು ನೋಡಿ ಏನು ವರದಿ ಬರೆದಾರು?

ಕೃತಕ ಬಣ್ಣವೇ ಪಾಪ, ಹಳೆಯ ಕಾಲದ ಬಣ್ಣವೆಲ್ಲ ಪುಣ್ಯ ಎಂಬ ಇನ್ನೊಂದು ಸಲೀಸು ಮಾತನ್ನೂ ಇಲ್ಲೇ ಬದಿಗಿಡೋಣ. ಸುರಪುರವೆಂದರೆ ಗರುಡಾದ್ರಿ ಮನೆತನದ ಚಿತ್ರಕಲೆ ನೆನಪಾಗುವ ಊರು. ಆ ಚಿತ್ರಗಳ ಸೊಬಗಿಗೆ ನಾನೂ ಸೋತವನು. ಆದರೆ ನಮ್ಮ ದೇಶದ ಹಳೆಯ ಚಿತ್ರಗಾರರ ಬಟ್ಟಲಲ್ಲಿದ್ದ ಇಂಗಳೀಕ ಪಾದರಸದ ಅದಿರು, ಹರಿತಾಳ ಆರ್ಸೆನಿಕ್ಕಿನ ಅದಿರು. ಆರ್ಸೆನಿಕ್ ಎಂದ ಕೂಡಲೇ ಅದೇ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾ ಎದುರಿಗೆ ಬರುತ್ತದೆ. ಕರಾವಳಿಯದಲ್ಲ, ಮಂಗಳೂರು ಎಂಬ ಹೆಸರಿನ ನಮ್ಮ ಸೀಮೆಯದೇ ಒಂದು ಹಳ್ಳಿಯ ಸುತ್ತ ಹಳೆಯ ಚಿನ್ನದ ಗಣಿಗಳ ಪಟ್ಟಿ ಇದೆ; ಈ ತಾಂಡಾ ಇರುವುದು ಅದರಲ್ಲೇ. ಅಲ್ಲಿನ ಕಲ್ಲಿನಿಂದ ಕೊಳವೆಬಾವಿಗೆ ಇಳಿದ ಆರ್ಸೆನಿಕ್ ತಾಂಡಾದ ಜನರ ಅಂಗೈ, ಅಂಗಾಲು, ಮೈಚರ್ಮದ ಮೇಲೆ ಗಂಟು ಮತ್ತು ಕಲೆಯಾಗಿ ಮೂಡಿತು. 2013ರಲ್ಲಿ ಪ್ರಕಟವಾದ ಅಧ್ಯಯನ ಅದನ್ನು ದಾಖಲಿಸಿದೆ. ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ. ಅಲ್ಲಿ ಅದನ್ನು ಎಷ್ಟೋ ಪಟ್ಟು ಮೀರಿದ ಬಾವಿಗಳಿದ್ದವು. ಆರ್ಸೆನಿಕ್ ಕರಗಿದ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಇಂಥ ಊರು ತನ್ನ ಎಲ್ಲೆಯಲ್ಲೇ ಇರುವಾಗ ಈ ಜಿಲ್ಲೆಯ ತರಗತಿಗಳಲ್ಲಿ ತಿಳಿನೀರನ್ನು ಯಶಸ್ಸಿನ ಗುರುತಾಗಿ ತೋರಿಸುವುದು ನನಗೆ ಬಹಳ ಹಗುರವಾದ ಕೆಲಸವಾಗಿ ಕಾಣುತ್ತದೆ.

ಹಾಗಾದರೆ ಶಿಲೀಂಧ್ರ ಬೇಡವೆ? ಬೇಕು, ಅದರ ಸ್ವಂತ ಕಸುಬಿಗೆ ಬೇಕು. ಶಹಾಪುರ, ಸುರಪುರದ ಗದ್ದೆಗಳಲ್ಲಿ ಕೊಯ್ಲಿನ ಯಂತ್ರ ಹೋದ ಮೇಲೆ ಬೆಂಕಿ ಇಡುವ ಭತ್ತದ ಹುಲ್ಲು, ಯಾದಗಿರಿಯ ಎರೆಹೊಲಗಳ ಬದುವಿನಲ್ಲಿ ಒಟ್ಟಿದ ಹತ್ತಿಕಟ್ಟಿಗೆ, ಇವೆರಡರಲ್ಲೂ ಲಿಗ್ನಿನ್ ಇದೆ. ಅದನ್ನು ಒಡೆಯಲೆಂದೇ ಈ ಕಿಣ್ವಗಳು ಹುಟ್ಟಿದ್ದು. ಹುಲ್ಲಿನ ಮೇಲೆ ಚಿಪ್ಪು ಅಣಬೆ ಬೆಳೆದರೆ ಊಟಕ್ಕೂ ಆಯಿತು, ಕೊಯ್ಲಿನ ನಂತರ ಉಳಿದ ಹುಲ್ಲಿನಲ್ಲಿ ಲ್ಯಾಕೇಸ್ ಇನ್ನೂ ಜೀವಂತವಾಗಿರುತ್ತದೆ. ಆ ಹುಲ್ಲನ್ನು ಬಣ್ಣದ ನೀರಿನ ಒಂದು ಹಂತಕ್ಕೆ, ಉಪ್ಪು ತೆಗೆದ ಮೇಲಿನ ಹಂತಕ್ಕೆ, ಬಳಸಿ ನೋಡುವುದು ಯೋಗ್ಯ ಪ್ರಯೋಗ. ಭೀಮರಾಯನಗುಡಿಯ ಕೃಷಿ ಕಾಲೇಜು, ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗಗಳು. ನನ್ನ ಜಗಳ ಶಿಲೀಂಧ್ರದೊಂದಿಗೆ ಅಲ್ಲ, ಅದರ ಹೆಸರಿನಲ್ಲಿ ಕೊಡುವ ಪ್ರಮಾಣಪತ್ರದೊಂದಿಗೆ.

ಆ ಪ್ರಮಾಣಪತ್ರ ಬೇಕೆನ್ನುವವರಿಂದ ನಾವು ಕೇಳಬೇಕಾದದ್ದು ಹೆಚ್ಚೇನಿಲ್ಲ. ಸತ್ತ ಶಿಲೀಂಧ್ರದೊಂದಿಗಿನ ಹೋಲಿಕೆ, ಒಡೆದ ತುಂಡುಗಳ ಹೆಸರು, ಒಟ್ಟು ಸಾವಯವ ಇಂಗಾಲ ಎಷ್ಟು ಇಳಿಯಿತು, ಕರಗಿದ ಉಪ್ಪು ಎಷ್ಟಿದೆ, ಆ ನೀರಿನಲ್ಲಿ ಹೆಸರುಕಾಳು ಮೊಳೆಯುತ್ತದೆಯೆ, ಸಣ್ಣ ಮೀನು ಬದುಕುತ್ತದೆಯೆ. ಕಾಳು ಮೊಳಕೆಯ ಪರೀಕ್ಷೆಗೆ ಒಂದು ತಟ್ಟೆ, ಒಂದು ಹಿಡಿ ಕಾಳು ಸಾಕು. ಹಣವಿಲ್ಲ ಎಂಬ ನೆಪ ನಡೆಯದು. ಇದೇ ಪಟ್ಟಿಗೆ ದ್ರಾವಕಗಳ ಲೆಕ್ಕವನ್ನು ಸೇರಿಸಿ, ಕಡೇಚೂರು ಸುತ್ತಲಿನ ಹಳ್ಳ, ಕೆರೆ, ಕೊಳವೆಬಾವಿಗಳ ವರದಿಯನ್ನು ಪ್ರತಿ ತಿಂಗಳು ಕನ್ನಡದಲ್ಲಿ ಬರೆದು ಆಯಾ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಬೇಕೆಂದು ಯಾದಗಿರಿಯ ಜಿಲ್ಲಾಡಳಿತವನ್ನೂ ಮಾಲಿನ್ಯ ನಿಯಂತ್ರಣ ಮಂಡಳಿಯನ್ನೂ ಕೇಳುತ್ತೇನೆ. ವರದಿಯಲ್ಲಿ "ಬಣ್ಣ: ಇಲ್ಲ" ಎಂಬ ಸಾಲೊಂದೇ ಇದ್ದರೆ, ಊರಿನವರು ಅದನ್ನು ಸ್ವೀಕರಿಸದೆ ಹಿಂದಕ್ಕೆ ಕಳಿಸಲಿ.